ಐದನೆಯವರ ಉಸಿರು

ಒಂದು ಕುರ್ಚಿ ಕಡಿಮೆ ಬಿತ್ತು. ಹಿನಾಶಿಮಾ ದ್ವೀಪದ ಪ್ರಾಥಮಿಕ ಶಾಲೆಯಲ್ಲಿ ಆ ನವೆಂಬರ್ ದಿನ ನಡೆದ ಅನಾಹುತಕ್ಕೆಲ್ಲ ಮೂಲ ಅಷ್ಟೇ. ಮಾದರಿ ಪಾಠ ನೋಡಲು ಬೇರೆ ಶಾಲೆಗಳ ಮೇಷ್ಟ್ರುಗಳೂ ಅಧಿಕಾರಿಗಳೂ ಸೇರಿ ಹದಿನೈದು ಜನ ಬರುತ್ತಾರೆಂದು ಕಾಗದ ಬಂದಿತ್ತು. ಹದಿನೈದು ಕುರ್ಚಿಗಳನ್ನು ಒರೆಸಿ ತರಗತಿಯ ಹಿಂಗೋಡೆಗೆ ಸಾಲಾಗಿ ಹಾಕಿದ್ದರು. ಆದರೆ ಬೆಳಗಿನ ದೋಣಿಯಿಂದ ಇಳಿದವರು ಹದಿನಾರು. ಶಿಕ್ಷಣ ಮಂಡಳಿಯ ಸಲಹೆಗಾರ ತೊಕುನಾಗಾ ಅವರು ಟಿಪ್ಪಣಿ ಬರೆದುಕೊಳ್ಳಲೆಂದು ಹಿರಿಯ ಗುಮಾಸ್ತೆಯೊಬ್ಬರನ್ನು ಹೇಳದೆ ಕೇಳದೆ ಕರೆತಂದಿದ್ದರು.

ಪಾಠ ಮಾಡಬೇಕಿದ್ದ ಇಸೊಗಾಯಿ ಮೇಷ್ಟ್ರಿಗೆ ಹಿಂದಿನ ದಿನದಿಂದ ಹೊಟ್ಟೆಗೆ ಅನ್ನ ಇಳಿದಿರಲಿಲ್ಲ. ನಲವತ್ತೆಂಟು ವಯಸ್ಸಿನ ಅವರು ಈ ದ್ವೀಪಕ್ಕೆ ಬಂದು ನಾಲ್ಕು ವರ್ಷ. ಹೆಂಡತಿ ಕಿನುಯೆ, ಮಗಳು ಇಬ್ಬರೂ ಸಮುದ್ರದ ಆಚೆ ಊರಲ್ಲಿ. ಭಾನುವಾರ ದೋಣಿ ಹತ್ತಿ ಮನೆಗೆ ಹೋಗುವುದು, ಸಂಜೆ ದೋಣಿಗೆ ವಾಪಸು. ಅವರು ದ್ವೀಪಕ್ಕೆ ಬಂದಾಗ ಒಂಬತ್ತು ವರ್ಷದವಳಾಗಿದ್ದ ಮಗಳಿಗೆ ಈಗ ಹದಿಮೂರು. ಅಪ್ಪ ಬಾಗಿಲು ತೆಗೆದರೆ ದೂರದ ನೆಂಟರು ಬಂದ ಹಾಗೆ "ಬನ್ನಿ, ಕೂತ್ಕೊಳಿ" ಅನ್ನುತ್ತಾಳೆ. ಮಾರ್ಚ್ ತಿಂಗಳ ವರ್ಗಾವಣೆ ಪಟ್ಟಿಯಲ್ಲಿ ಹೆಸರು ಸೇರಬೇಕಾದರೆ ತೊಕುನಾಗಾ ಅವರ ಬಾಯಿಂದ ಒಂದು ಒಳ್ಳೆಯ ಮಾತು ಬೀಳಬೇಕು. ಆ ಮಾತು ಬೀಳಬೇಕಾದರೆ ಇವತ್ತಿನ ಪಾಠ ಗೆಲ್ಲಬೇಕು.

"ಇವತ್ತು ಗೆದ್ರಿ ಅಂದ್ರೆ ಮಾರ್ಚ್‌ನಲ್ಲಿ ನಿಮ್ಗೆ ಬೀಳ್ಕೊಡುಗೆ ಊಟ" ಎಂದು ಶಾಲೆಯ ನರ್ಸ್ ಕುಮಾಯಿ ಬೆಳಿಗ್ಗೆಯೇ ಹೊಟ್ಟೆನೋವಿನ ಮಾತ್ರೆ ಕೊಡುತ್ತ ಹೇಳಿದ್ದಳು. "ಸೋತ್ರಿ ಅಂದ್ರೂ ಊಟ ಇದೆ ಬಿಡಿ. ಶಾಲೆ ಅಡುಗೆಮನೇದು."

ಸೋಲಲು ಮೇಷ್ಟ್ರು ಎಲ್ಲೂ ಸಂದು ಬಿಟ್ಟಿರಲಿಲ್ಲ. ಪಾಠ ಗಣಿತದ್ದು. ಹೆಸರು 'ಬಾಹ್ಯಾಕಾಶದಲ್ಲಿ ಆಪತ್ತು'. ಐದು ಮತ್ತು ಆರನೇ ತರಗತಿ ಸೇರಿ ಒಂಬತ್ತೇ ಮಕ್ಕಳು. ನಾಲ್ವರು ಕಿತ್ತಳೆ ಹಣ್ಣಿನ ರಟ್ಟಿನ ಪೆಟ್ಟಿಗೆಗಳನ್ನು ಅಂಟಿಸಿ, ಮೇಲೆ ಬೆಳ್ಳಿ ಹಾಳೆ ಸುತ್ತಿ ಮಾಡಿದ ನೌಕೆಯೊಳಗೆ. ಐವರು ಹೊರಗೆ, ಭೂಮಿಯ ನಿಯಂತ್ರಣ ಕೊಠಡಿಯಲ್ಲಿ. ಎರಡರ ನಡುವೆ ಕಾಗದದ ಲೋಟಕ್ಕೆ ದಾರ ಕಟ್ಟಿದ ಟೆಲಿಫೋನು. ಮೀನುಗಾರರ ಮಕ್ಕಳಾದ್ದರಿಂದ ನೌಕೆಗೆ ದೋಣಿಯ ಹೆಸರನ್ನೇ ಇಟ್ಟಿದ್ದರು: ಮಿಕಾನ್ ಮಾರು, ಅಂದರೆ ಕಿತ್ತಳೆ ದೋಣಿ.

ಪಾಠದ ಯೋಜನೆಯಲ್ಲಿ 'ಮಕ್ಕಳಿಂದ ನಿರೀಕ್ಷಿಸುವ ಉತ್ತರಗಳು' ಎಂದೊಂದು ಕಲಂ ಇರುತ್ತದೆ. ಬೇರೆ ಮೇಷ್ಟ್ರುಗಳು ಅಲ್ಲಿ ಊಹಿಸಿ ಬರೆಯುತ್ತಾರೆ. ನಮ್ಮ ಮೇಷ್ಟ್ರು ಊಹೆಗೆ ಏನನ್ನೂ ಬಿಡುವವರಲ್ಲ. ಒಂದೊಂದು ಉತ್ತರವನ್ನೂ ಒಂದೊಂದು ಮಗುವಿಗೆ ಹಂಚಿ, ಮೂರು ಸಲ ತಾಲೀಮು ಮಾಡಿಸಿದ್ದರು. ಗೆಂತಾ ಎಂಬ ಹುಡುಗನಿಗೆ ಬಂದದ್ದು 'ತಪ್ಪು ಉತ್ತರ'. ಅವನ ಅಜ್ಜಿ ಮೀನಿನ ಅಂಗಡಿಯಲ್ಲಿ ನಿಂತು, "ನಮ್ ಹುಡುಗನಿಗೇ ತಪ್ಪು ಹೇಳೋ ಪಾತ್ರ ಕೊಟ್ಟವ್ರೆ, ಸುಲಭ ಅಲ್ಲ ಅದು" ಎಂದು ಬಂದವರಿಗೆಲ್ಲ ಹೇಳಿದ್ದಳು.

ಮಿಹೊ ಎಂಬ ಹುಡುಗಿಗೆ ಬಂದದ್ದು, 'ಗಮನವಿಟ್ಟು ಕೇಳುವುದು, ಎರಡು ಸಲ ತಲೆಯಾಡಿಸುವುದು'. ಏಪ್ರಿಲ್‌ನಲ್ಲಿ ಊರಿಂದ ತಾಯಿಯ ಜೊತೆ ಬಂದವಳು. ಲೆಕ್ಕದಲ್ಲಿ ಎಲ್ಲರಿಗಿಂತ ಚುರುಕು, ಮಾತಿನಲ್ಲಿ ಸೊನ್ನೆ. ಏಳು ತಿಂಗಳಲ್ಲಿ ಒಂದೇ ಒಂದು ಸಲವೂ ಕೈ ಎತ್ತಿದವಳಲ್ಲ. "ವರ್ಷ ಮುಗಿಯೋದ್ರೊಳಗೆ ಅವಳ ಕೈ ಒಂದ್ಸಲ ಎತ್ತಿಸ್ತೀನಿ, ನೋಡ್ತಿರಿ" ಎಂದು ಮೇಷ್ಟ್ರು ಅವಳ ತಾಯಿಗೆ ಮಾತು ಕೊಟ್ಟಿದ್ದರು. ಆದರೆ ಇವತ್ತು ಬೇಡ ಎಂದುಕೊಂಡಿದ್ದರು. ಇವತ್ತು ಅಂಥ ಸಾಹಸಕ್ಕೆಲ್ಲ ಹೊತ್ತಲ್ಲ.

ಇನ್ನು ಕುರ್ಚಿಯ ವಿಷಯ. ದೋಣಿಕಟ್ಟೆಯಿಂದ ಶಾಲೆಗೆ ನೂರಾ ಹನ್ನೆರಡು ಮೆಟ್ಟಿಲು. ದಪ್ಪ ಆಳಾದ ತೊಕುನಾಗಾ ಎಲ್ಲರಿಗಿಂತ ಕೊನೆಗೆ, ಏದುಸಿರು ಬಿಡುತ್ತ ಬಾಗಿಲಿಗೆ ಬಂದರು. ಅಷ್ಟರಲ್ಲಿ ಹದಿನೈದು ಕುರ್ಚಿಗಳೂ ತುಂಬಿದ್ದವು. ಅವರನ್ನು ಕಂಡದ್ದೇ ಹದಿನೈದು ಜನರೂ ಎದ್ದು ನಿಂತರು. "ಇಲ್ಲಿ ಕೂತ್ಕೊಳಿ ಸಾರ್", "ಛೆ ಛೆ, ನೀವು ಕೂತಿರಿ", "ಅದು ಹೇಗಾಗುತ್ತೆ ಸಾರ್". ಅವರು ಯಾರ ಕುರ್ಚಿಯನ್ನೂ ಒಪ್ಪಲಿಲ್ಲ. ಅವರು ನಿಂತಿರುವಾಗ ಕೂರುವ ಧೈರ್ಯ ಯಾರಿಗೂ ಇರಲಿಲ್ಲ. ಹದಿನಾರು ಜನ ಒಬ್ಬರಿಗೊಬ್ಬರು ಬಗ್ಗುತ್ತ ನಿಂತುಬಿಟ್ಟರು. ಗಂಟೆ ಹೊಡೆಯಲು ಎರಡು ನಿಮಿಷವಿತ್ತು.

ಉಪಮುಖ್ಯೋಪಾಧ್ಯಾಯ ಒನುಕಿ ಬೆವರಿದರು. ಅತಿಥಿಗಳ ಚಪ್ಪಲಿಗಳನ್ನು ಅಡಿಕೋಲು ಹಿಡಿದು ಸಾಲು ಮಾಡುವಂಥ ಮನುಷ್ಯ ಅವರು. ಸಿಬ್ಬಂದಿ ಕೋಣೆಯಲ್ಲಿ ಕುರ್ಚಿಗಳೇನೋ ಇದ್ದವು, ಆದರೆ ಎಲ್ಲದರ ಸೀಟೂ ಹರಿದು ಸ್ಪಂಜು ಇಣುಕುತ್ತಿತ್ತು. ಮುಖ್ಯ ಅತಿಥಿಯನ್ನು ಸ್ಪಂಜಿನ ಮೇಲೆ ಕೂರಿಸುವುದೇ? ಅವರ ಕಣ್ಣು ಮಿಕಾನ್ ಮಾರುವಿನ ಮೇಲೆ ಬಿತ್ತು. ಒಳಗೆ ಕ್ಯಾಪ್ಟನ್ ನಾತ್ಸುಮೆ ಎಂಬ ಹುಡುಗಿ ಒಳ್ಳೆಯ ಹೊಸ ದಿಂಬಿನ ಮೇಲೆ ಕೂತಿದ್ದಳು.

"ಸಾರ್, ನಿಮಗೆ ಗೌರವದ ಸ್ಥಾನ ಇದೆ!" ಎಂದು ಒನುಕಿ ಕೈ ಚಾಚಿದರು. "ಮಕ್ಕಳು ನಿಮ್ಮನ್ನ ನೌಕೆಗೇ ಆಹ್ವಾನಿಸಿದಾರೆ."

ಮಕ್ಕಳು ಯಾರನ್ನೂ ಆಹ್ವಾನಿಸಿರಲಿಲ್ಲ. ತೊಕುನಾಗಾ ಅವರ ಮುಖ ಮಾತ್ರ ಚಿಕ್ಕ ಹುಡುಗನ ಮುಖದಂತೆ ಅರಳಿತು. ಪೆಟ್ಟಿಗೆಯ ಬಾಗಿಲಲ್ಲಿ ಅಡ್ಡಡ್ಡ ತೂರಿ ಒಳಗೆ ಕೂತರು. ನಾತ್ಸುಮೆ ದಿಂಬು ಬಿಟ್ಟುಕೊಟ್ಟು ಮೂಲೆಗೆ ಒತ್ತಿಕೊಂಡಳು. ಹಿಂದೆ ಹದಿನೈದು ಜನ ನಿಟ್ಟುಸಿರು ಬಿಟ್ಟು ಕೂತರು. ಒನುಕಿ ಗೆದ್ದ ಮುಖ ಮಾಡಿ ಬಾಗಿಲ ಬಳಿ ನಿಂತರು. ಗಂಟೆ ಹೊಡೆಯಿತು.

ಮಕ್ಕಳು ಎದ್ದು ಬಗ್ಗಿ ನಮಸ್ಕರಿಸಿ ಕೂತರು. ಮೇಷ್ಟ್ರು ಕೆಂಪು ಬಟ್ಟೆಯನ್ನು ದೀಪಕ್ಕೆ ಹೊದಿಸಿ ಓದಿದರು: "ಆಪತ್ತು! ಮಿಕಾನ್ ಮಾರುವಿಗೆ ಕಲ್ಲು ಬಡಿದಿದೆ. ತೊಟ್ಟಿಯಲ್ಲಿ ಉಳಿದಿರುವ ಆಮ್ಲಜನಕ ಒಂಬೈನೂರ ಅರವತ್ತು ಲೀಟರ್. ಒಬ್ಬರಿಗೆ ಒಂದು ಗಂಟೆಗೆ ಮೂವತ್ತು ಲೀಟರ್ ಬೇಕು. ತೂತಿನಿಂದ ಗಂಟೆಗೆ ನಲವತ್ತು ಲೀಟರ್ ಸೋರುತ್ತಿದೆ. ಭೂಮಿಗೆ ಬರಲು ಆರು ಗಂಟೆ. ಬದುಕುತ್ತಾರೋ ಇಲ್ಲವೋ ಎಲ್ಲರೂ ಸೇರಿ ಲೆಕ್ಕ ಹಾಕಿ. ನಿಮ್ಮ ನಿಮ್ಮ ಹಾಳೆಯಲ್ಲಿ ಬರೆಯಿರಿ."

ತಾಲೀಮಿನ ಪ್ರಕಾರ ಎಲ್ಲರೂ ಒಂದು ನಿಮಿಷ ಹುಬ್ಬು ಗಂಟಿಕ್ಕಿದರು. ಆಮೇಲೆ ಗೆಂತಾ ಎದ್ದ.

"ನಾಲ್ಕು ಜನಕ್ಕೆ ಗಂಟೆಗೆ ನೂರಿಪ್ಪತ್ತು! ಒಂಬೈನೂರ ಅರವತ್ತನ್ನ ನೂರಿಪ್ಪತ್ತರಿಂದ ಭಾಗಿಸಿದ್ರೆ ಎಂಟು! ಎಂಟು ಗಂಟೆಗಾಗುತ್ತೆ! ಗೆದ್ವಿ!" ಎಂದು ಕೈ ಮೇಲೆತ್ತಿದ. ತಪ್ಪು ಇಷ್ಟು ಆತ್ಮವಿಶ್ವಾಸದಿಂದ ಆ ಶಾಲೆಯಲ್ಲಿ ಹಿಂದೆಂದೂ ಹೊರಬಂದಿರಲಿಲ್ಲ.

ದಾರದ ಟೆಲಿಫೋನಿನಲ್ಲಿ ಕ್ಯಾಪ್ಟನ್ ಕೂಗಿದಳು: "ಭೂಮಿ, ಭೂಮಿ! ಸೋರಿಕೆ ಲೆಕ್ಕಕ್ಕೆ ತಗೊಂಡ್ರಾ?"

"ಅಯ್ಯೋ! ಮರ್ತೇಬಿಟ್ಟೆ!" ಗೆಂತಾ ಹಣೆ ಚಚ್ಚಿಕೊಂಡ. ಒಂದು ಸಲ ಎಂದು ಹೇಳಿಕೊಟ್ಟಿದ್ದನ್ನು ಮೂರು ಸಲ ಚಚ್ಚಿಕೊಂಡ. ಹಿಂಬದಿಯಲ್ಲಿ ಪೆನ್ನುಗಳು ಸರಸರ ಓಡಿದವು. ಮೇಷ್ಟ್ರು ಆ ದಿನ ಮೊದಲ ಸಲ ನಿರಾಳವಾದರು. ಇನ್ನೇನು, ಮುಂದಿನ ಹುಡುಗ ಎದ್ದು ನೂರಿಪ್ಪತ್ತಕ್ಕೆ ನಲವತ್ತು ಕೂಡಿಸಬೇಕು, ನೂರ ಅರವತ್ತು, ಸರಿಯಾಗಿ ಆರು ಗಂಟೆ, ಜಯಘೋಷ.

ಆಗ ಮಿಹೊಳ ಕೈ ಮೇಲೆ ಬಂತು.

ಮೊದಲು ಮೇಷ್ಟ್ರಿಗೆ ಅದು ಕೈ ಎಂದೇ ಹೊಳೆಯಲಿಲ್ಲ. ಕೂದಲು ಸರಿಮಾಡಿಕೊಳ್ಳುತ್ತಿದ್ದಾಳೆ ಅಂದುಕೊಂಡರು. ಕೈ ಕಿವಿ ದಾಟಿತು, ತಲೆ ದಾಟಿತು, ನೆಟ್ಟಗೆ ನಿಂತಿತು. ಏಳು ತಿಂಗಳು ಕಾದ ಕೈ. ಅದನ್ನು ನೋಡಿ ಅವರಿಗೆ ಖುಷಿಯಾಯಿತು, ಇದಂತೂ ನಿಜ. ಅದೇ ಉಸಿರಿಗೆ ಭಯವೂ ಆಯಿತು. ಮಿಹೊ ಯಾರೂ ಕರೆಯದೆ ಎದ್ದು ನಿಂತಳು.

"ಮೇಷ್ಟ್ರೇ, ನೌಕೇಲಿ ಈಗ ಐದು..."

ಪೆಟ್ಟಿಗೆಯೊಳಗಿನಿಂದ ಏದುಸಿರು ಕೇಳಿಸುತ್ತಿತ್ತು. ಮೆಟ್ಟಿಲು ಹತ್ತಿದ ದಣಿವು ತೊಕುನಾಗಾ ಅವರಿಗೆ ಇನ್ನೂ ಇಳಿದಿರಲಿಲ್ಲ. ಮೇಷ್ಟ್ರಿಗೆ ಒಂದೇ ಕ್ಷಣದಲ್ಲಿ ಎಲ್ಲ ಕಂಡಿತು. ಐದು ಜನ. ನೂರೈವತ್ತು. ಸೋರಿಕೆ ಸೇರಿದರೆ ನೂರ ತೊಂಬತ್ತು. ಆರು ಗಂಟೆ ಬರುವುದಿಲ್ಲ. ಮುಖ್ಯ ಅತಿಥಿ ಒಳಗೆ ಕೂತದ್ದರಿಂದ ನೌಕೆಯಲ್ಲಿರುವವರೆಲ್ಲ ಸಾಯುತ್ತಾರೆ, ಮತ್ತು ಈ ಹುಡುಗಿ ಅದನ್ನು ಹದಿನೈದು ಜನರ ಮುಂದೆ ಹೇಳಲಿದ್ದಾಳೆ. ನೀವು ಒಬ್ಬರು ಹೆಚ್ಚಾದಿರಿ ಎಂದು ಮುಖ್ಯ ಅತಿಥಿಗೆ ಮುಖದ ಮೇಲೆ ಹೇಳಿದವರು ಆ ಕರಾವಳಿಯಲ್ಲೇ ಯಾರೂ ಇರಲಿಲ್ಲ. ಬಾಗಿಲ ಬಳಿ ಒನುಕಿ ಕಣ್ಣು ದೊಡ್ಡದು ಮಾಡಿ, ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದರು.

ಮೇಷ್ಟ್ರು ನಕ್ಕರು. ತುಟಿಯ ಮೇಲೆ ಬೆರಳಿಟ್ಟರು.

"ಮಿಹೊ ತುಂಬಾ ಗಮನವಿಟ್ಟು ಕೇಳ್ತಿದಾಳೆ. ಒಳ್ಳೇದು. ಕೂತ್ಕೋಮ್ಮ."

ಮಿಹೊ ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ಕೂತಳು. ಕೂತು, ಹೇಳಿಕೊಟ್ಟ ಹಾಗೆ ಎರಡು ಸಲ ತಲೆಯಾಡಿಸಿದಳು. ಆ ತಲೆಯಾಡಿಸುವುದನ್ನು ನೋಡಿದಾಗ ಮೇಷ್ಟ್ರಿಗೆ ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು. ಆದರೆ ಮುಂದಿನ ಹುಡುಗ ಆಗಲೇ ಎದ್ದು ನೂರಿಪ್ಪತ್ತಕ್ಕೆ ನಲವತ್ತು ಕೂಡಿಸುತ್ತಿದ್ದ.

"ಆರು ಗಂಟೆ! ಸರಿಯಾಗಿ ಆರು! ಬದುಕಿದ್ರು!"

ಮಿಕಾನ್ ಮಾರು ಭೂಮಿಗೆ ಇಳಿಯಿತು. ಹದಿನೈದು ಜನ ಚಪ್ಪಾಳೆ ತಟ್ಟಿದರು. ಒಳಗಿನಿಂದ ತೊಕುನಾಗಾ ಅವರೂ ತಟ್ಟಿದರು. ಆಮೇಲೆ ಅವರು ಎದ್ದು ನಿಂತದ್ದರಿಂದ ನೌಕೆಯ ಮೇಲ್ಛಾವಣಿ ಕಿತ್ತು ಅವರ ಹೆಗಲ ಮೇಲೆಯೇ ಹೊರಗೆ ಬಂತು. ನಾಲ್ವರು ಗಗನಯಾತ್ರಿಗಳು ತೆರೆದ ಪೆಟ್ಟಿಗೆಯಲ್ಲಿ ಕಣ್ಣು ಪಿಳಿಪಿಳಿ ಬಿಡುತ್ತ ಕೂತಿದ್ದರು.

ಪಾಠ ಮುಗಿದ ಮೇಲೆ ಸಂಗೀತದ ಕೋಣೆಯಲ್ಲಿ ಚಹಾ, ಕಿತ್ತಳೆ, ಚರ್ಚೆ. ಇಂಥ ಚರ್ಚೆಯಲ್ಲಿ ಮೊದಲು ಹೊಗಳುವುದು ಪದ್ಧತಿ. ಹಲಗೆಯ ಮೇಲಿನ ಅಕ್ಷರ ಅಚ್ಚುಕಟ್ಟು ಅಂದರು ಒಬ್ಬರು. ಮಕ್ಕಳ ಒಗ್ಗಟ್ಟು ಕಣ್ಣಲ್ಲಿ ನೀರು ತರಿಸಿತು ಅಂದರು ಇನ್ನೊಬ್ಬರು. ತಪ್ಪು ಉತ್ತರ ಹೇಳಿದ ಹುಡುಗನ ಸಹಜತೆಯನ್ನು ಮೂವರು ಮೆಚ್ಚಿದರು. ಚಹಾ ಹಂಚುತ್ತಿದ್ದ ಕುಮಾಯಿ ಮೇಷ್ಟ್ರ ಕಿವಿಯ ಹತ್ತಿರ ಬಗ್ಗಿ, "ಮನೆಗೆ ಫೋನ್ ಮಾಡ್ಬಿಡಿ ಈಗ್ಲೇ" ಅಂದಳು.

ಕೊನೆಗೆ ತೊಕುನಾಗಾ ಎದ್ದರು. ಅವರ ಕೋಟಿನ ತೋಳಿಗೆ ಬೆಳ್ಳಿ ಹಾಳೆಯ ಚೂರು ಅಂಟಿತ್ತು.

"ನಾನು ಸತ್ತಿದೀನಿ" ಅಂದರು.

ಯಾರೋ ನಗಲು ಹೊರಟು ನಿಲ್ಲಿಸಿದರು.

"ಲೆಕ್ಕ ಹಾಕಿ ನೋಡಿದೆ. ಐದು ಗಂಟೆ ಮೂರು ನಿಮಿಷಕ್ಕೆ ನಾನೂ ಸತ್ತೆ, ನನ್ ಜೊತೆ ಆ ನಾಲ್ಕು ಮಕ್ಕಳೂ ಸತ್ರು. ಉಳಿದ ಐವತ್ತೇಳು ನಿಮಿಷ ನಮ್ಮ ಹೆಣಗಳು ಪ್ರಯಾಣ ಮಾಡಿದ್ವು. ಇಳಿದಾಗ ನೀವೆಲ್ಲ ಚಪ್ಪಾಳೆ ತಟ್ಟಿದ್ರಿ. ನಾನೂ ತಟ್ಟಿದೆ."

ಹದಿನೈದು ಜನ ತಮ್ಮ ತಮ್ಮ ಚಹಾ ಲೋಟದ ತಳ ಪರೀಕ್ಷಿಸತೊಡಗಿದರು. ಒನುಕಿ ಹಣೆ ಮೇಜಿಗೆ ತಾಗುವಷ್ಟು ಬಗ್ಗಿ, "ಕುರ್ಚಿ ಸಾರ್... ಕುರ್ಚಿ ನನ್ನ ತಪ್ಪು..." ಎಂದು ತೊದಲಿದರು. ಇಸೊಗಾಯಿ ಮೇಷ್ಟ್ರ ಕಣ್ಣ ಮುಂದೆ ಮಾರ್ಚ್ ತಿಂಗಳ ದೋಣಿ ತಮ್ಮನ್ನು ಬಿಟ್ಟು ಹೊರಟುಹೋಯಿತು.

"ಮಕ್ಕಳ ಹಾಳೆಗಳನ್ನ ಕೊಡಿ" ಅಂದರು ತೊಕುನಾಗಾ.

ಒಂಬತ್ತು ಹಾಳೆ. ಎಂಟರಲ್ಲಿ ಒಂದೇ ಉತ್ತರ, ಒಂದೇ ಜಯಘೋಷ. ಒಂಬತ್ತನೆಯದನ್ನು ಅವರು ಕನ್ನಡಕ ಮೇಲೆತ್ತಿ ಗಟ್ಟಿಯಾಗಿ ಓದಿದರು: "'ಈಗ ಐದು ಜನ. ಗಂಟೆಗೆ ನೂರ ತೊಂಬತ್ತು. ಐದು ಗಂಟೆ ಕಳೆದ ಮೇಲೆ ಉಳಿಯುವುದು ಹತ್ತೇ ಲೀಟರ್. ತಲುಪುವುದಿಲ್ಲ. ತಲುಪಬೇಕಾದರೆ ಅತಿಥಿಗಳು ಆರು ಗಂಟೆ ಉಸಿರಾಡಬಾರದು.'" ಅವರು ಹೊಟ್ಟೆ ಕುಣಿಸಿ ನಕ್ಕರು. ನಗು ನಿಲ್ಲುವ ಮೊದಲೇ ಮುಂದಿನ ಸಾಲು ಕಂಡು ದನಿ ಇಳಿಸಿದರು. "'ಅಥವಾ ಎಲ್ಲರೂ ಸೇರಿ ತೂತಿಗೆ ಬಟ್ಟೆ ಒತ್ತಿ, ಸೋರಿಕೆಯನ್ನು ಹತ್ತು ಲೀಟರ್‌ಗೆ ಇಳಿಸಿದರೆ ಐದು ಜನರೂ ತಲುಪುತ್ತಾರೆ. ಯಾರೂ ಸಾಯುವುದಿಲ್ಲ.'"

ನೂರೈವತ್ತು, ಹತ್ತು, ನೂರ ಅರವತ್ತು, ಆರು ಗಂಟೆ. ಮೇಷ್ಟ್ರು ಮನಸ್ಸಿನಲ್ಲೇ ಕೂಡಿಸಿದರು. ಸರಿಯಾಗಿತ್ತು. ಹುಡುಗಿ ಎದ್ದು ನಿಂತದ್ದು ಅತಿಥಿಯನ್ನು ಅವಮಾನಿಸಲು ಅಲ್ಲ. ಎಲ್ಲರನ್ನೂ ಬದುಕಿಸುವ ದಾರಿ ಅವಳ ಕೈಯಲ್ಲಿತ್ತು.

"ಕೆಳಗೆ ಇನ್ನೊಂದು ಸಾಲಿದೆ" ಅಂದರು ತೊಕುನಾಗಾ. "'ಹೇಳಬಾರದು.' ಅಷ್ಟೇ." ಹಾಳೆ ಕೆಳಗಿಟ್ಟು ಮೇಷ್ಟ್ರ ಕಡೆ ತಿರುಗಿದರು. "ಪೆಟ್ಟಿಗೆ ಕಿಟಕಿಯಿಂದ ನೋಡ್ತಿದ್ದೆ. ಈ ಹುಡುಗಿ ಎದ್ದು ನಿಂತ್ಲು. ನೀವು ಕೂರಿಸಿದ್ರಿ. ಯಾಕೆ?"

ನಿಜ ಹೇಳಲು ಬೇಕಾದದ್ದು ಮೂರೇ ಮಾತು. ನನಗೆ ಭಯವಾಯಿತು ಸಾರ್. ಮೇಷ್ಟ್ರು ಬಾಯಿ ತೆರೆದರು. ಅಷ್ಟರಲ್ಲಿ ಒನುಕಿ ಮೇಜಿನಿಂದ ಹಣೆ ಎತ್ತಿದರು.

"ಅದೇ ಇವರ ವಿಧಾನ ಸಾರ್! ಸರಿ ಉತ್ತರ ಒಬ್ರು ಬೇಗ ಹೇಳ್ಬಿಟ್ರೆ ಉಳಿದವರ ಯೋಚನೆ ಅಲ್ಲಿಗೇ ನಿಂತ್ಹೋಗುತ್ತೆ ನೋಡಿ. ಅದಕ್ಕೇ ಬೇಕಂತಲೇ ತಡೀತಾರೆ. ನಾಳೆ ಇದೇ ಹಾಳೆ ಇಟ್ಕೊಂಡು ಮುಂದಿನ ಪಾಠ. ಐದನೆಯವರನ್ನ ಕೂರಿಸಿದ್ದೂ ಅದಕ್ಕೇ. ಎಲ್ಲಾ ಯೋಜನೆ ಸಾರ್!"

"ಹೌದಾ ಇಸೊಗಾಯಿಯವರೇ?"

ಕಿಟಕಿಯಾಚೆ ಮಧ್ಯಾಹ್ನದ ದೋಣಿ ಕಟ್ಟೆಗೆ ಬರುತ್ತಿತ್ತು. ಮಗಳು 'ಬನ್ನಿ, ಕೂತ್ಕೊಳಿ' ಅನ್ನುವುದು ನೆನಪಾಯಿತು. ಹೌದು ಅಂದರೆ ಊರು. ಇಲ್ಲ ಅಂದರೆ ಇಲ್ಲೇ. ಮೇಷ್ಟ್ರಿಗೆ ಹಾಗೆ ಅನ್ನಿಸಿತು, ಪಾಪ.

"ಹೌದು" ಅಂದರು.

ತೊಕುನಾಗಾ ಅವರ ಕಣ್ಣು ತೇವವಾಯಿತು. "ಮೂವತ್ತು ವರ್ಷದಿಂದ ಪಾಠ ನೋಡ್ತಿದೀನಿ. ಎಲ್ಲಾರೂ ಸರಿ ಉತ್ತರಕ್ಕೆ ಓಡ್ತಾರೆ. ಸರಿ ಉತ್ತರ ಎದ್ದು ನಿಂತಾಗ ಅದನ್ನೇ ಕೂರಿಸಿ, ಕಾಯುವ ತಾಳ್ಮೆ ಇರೋ ಮೇಷ್ಟ್ರನ್ನ ಇವತ್ತೇ ಕಂಡಿದ್ದು. ಮುಖ್ಯ ಅತಿಥಿ ಸತ್ರೂ ಪರವಾಗಿಲ್ಲ, ಮಗು ಯೋಚಿಸ್ಲಿ ಅನ್ನೋ ಧೈರ್ಯ!" ಅವರು ಎಲ್ಲರ ಕಡೆ ನೋಡಿದರು. "ಈ ಶಾಲೆಯನ್ನ ಮೂರು ವರ್ಷಕ್ಕೆ ಸಂಶೋಧನಾ ಶಾಲೆ ಅಂತ ಮಾಡೋಕೆ ಮಂಡಳಿಗೆ ನಾನೇ ಹೇಳ್ತೀನಿ. ಫೆಬ್ರವರಿಯಲ್ಲಿ ಇಡೀ ಪ್ರಾಂತದ ಶಿಕ್ಷಕರು ಬಂದು ನೋಡ್ಲಿ. ಇದೇ ಪಾಠ, ಇದೇ ಮಕ್ಕಳು, ಇದೇ ತಾಳ್ಮೆ. ಮತ್ತೆ ಇಸೊಗಾಯಿಯವರ ಬಗ್ಗೆ ಒಂದು ಮಾತು."

ಮೇಷ್ಟ್ರು ಆ ಮಾತಿಗಾಗಿ ನಾಲ್ಕು ವರ್ಷ ಕಾದಿದ್ದರು.

"ಇವರನ್ನ ಇಲ್ಲಿಂದ ಯಾವ ಕಾರಣಕ್ಕೂ ಕದಲಿಸಬಾರದು."

ಚಪ್ಪಾಳೆ ಬೆಳಗಿನದಕ್ಕಿಂತ ಜೋರಾಗಿತ್ತು. ಒನುಕಿ ಎರಡು ಕೈಯಲ್ಲೂ ತಟ್ಟಿದರು, ಸಾಲದೆ ಮೇಜನ್ನೂ ತಟ್ಟಿದರು. ಕುಮಾಯಿ ಒಬ್ಬಳೇ ತಟ್ಟಲಿಲ್ಲ. ಮೇಷ್ಟ್ರ ಲೋಟಕ್ಕೆ ಚಹಾ ಬಗ್ಗಿಸುತ್ತ, "ಫೋನ್ ಆಗ್ಲೇ ಮಾಡ್ಲಿಲ್ಲ ತಾನೆ?" ಎಂದು ಮೆಲ್ಲಗೆ ಕೇಳಿದಳು. ಮೇಷ್ಟ್ರು ಎದ್ದು ಬಗ್ಗಿ ನಮಸ್ಕರಿಸಿದರು. ಈಗ ನಿಜ ಹೇಳಿದರೂ ಹೋಗುವುದು ಮರ್ಯಾದೆ ಒಂದೇ, ದೋಣಿ ಸಿಗುವುದಿಲ್ಲ. ಮೊದಲೇ ಹೇಳಿದ್ದರೆ ಮರ್ಯಾದೆ ಹೋದರೂ ಆ ಹುಡುಗಿಯ ಕೈ ಉಳಿಯುತ್ತಿತ್ತು.

ಅತಿಥಿಗಳನ್ನು ಕಳಿಸಿ ತರಗತಿಗೆ ಬಂದಾಗ ಮಕ್ಕಳು ಕೋಣೆ ಗುಡಿಸುವ ಹೊತ್ತು. ಉಳಿದವರು ನೀರು ತರಲು ಹೋಗಿದ್ದರು. ಮಿಹೊ ಒಬ್ಬಳೇ ಮುರಿದ ನೌಕೆಯಿಂದ ಅಂಟುಪಟ್ಟಿ ಕೀಳುತ್ತಿದ್ದಳು. ಮೇಷ್ಟ್ರು ಅವಳ ಪಕ್ಕ ಮಂಡಿಯೂರಿ ಕೂತರು.

"ತೊಕುನಾಗಾ ಸಾರ್ ನಿನ್ ಹಾಳೆ ಓದಿದ್ರು ಮಿಹೊ. ಎಲ್ಲಾ ಸರಿ ಇದೆ ಅಂದ್ರು."

ಮಿಹೊ ಅಂಟುಪಟ್ಟಿ ಬಿಟ್ಟು ನೋಡಿದಳು. "ಆಗ ತಪ್ಪಾಗಿತ್ತಾ ಮೇಷ್ಟ್ರೇ?"

"ಇಲ್ಲಮ್ಮ. ಆಗ್ಲೂ ಸರಿ ಇತ್ತು. ನಿನ್ನ ಕೂರಿಸಿದ್ದೇ ತಪ್ಪು. ನಂದೇ ತಪ್ಪು." "ಫೆಬ್ರವರಿಯಲ್ಲಿ ಮತ್ತೆ ಇದೇ ಪಾಠ ಇದೆ. ತುಂಬಾ ಜನ ಬರ್ತಾರಂತೆ. ಇವತ್ತಿನ ಹಾಗೇ ಮಾಡ್ಬೇಕಂತೆ."

ಮಿಹೊಳ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಕುಚೋದ್ಯವೂ ಇರಲಿಲ್ಲ. ಜೇಬಿನಿಂದ ಪೆನ್ಸಿಲ್ ತೆಗೆದಳು. ತನ್ನ ಪಾತ್ರ ಬರೆದಿದ್ದ ಚೀಟಿಯಲ್ಲಿ 'ಎರಡು ಸಲ ತಲೆಯಾಡಿಸುವುದು' ಎಂಬುದರ ಕೆಳಗೆ ಜಾಗ ಇತ್ತು.

"ಹಾಗಾದ್ರೆ ನಾನು ಕೈ ಎತ್ತಬೇಕು, ನೀವು ಕೂರಿಸ್ಬೇಕು" ಎಂದು ಉರುಹೊಡೆಯುವ ದನಿಯಲ್ಲಿ ಹೇಳಿದಳು. "ಎಷ್ಟು ಮಾತು ಹೇಳಿದ್ ಮೇಲೆ ಕೂರಿಸ್ತೀರಿ ಮೇಷ್ಟ್ರೇ? ಬರ್ಕೋತೀನಿ."